ಟ್ರೈಲರಿನ ಹಿಂದಿನ ಲೈಟು

ನಮ್ಮ ಟ್ರೈಲರಿನ ಹಿಂದೆ ಎಷ್ಟು ಲೈಟುಗಳಿವೆ ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಹಗಲಲ್ಲಿ ನೋಡಿದರೆ ಅದೊಂದು ಬಣ್ಣ ಹೋದ ತಗಡಿನ ಡಬ್ಬ, ಎರಡು ಚಕ್ರ, ಮುಂದೆ ಹಳೆಯ ಜೀಪಿಗೆ ಸಿಕ್ಕಿಸುವ ಕೊಂಡಿ, ಅಷ್ಟೆ. ಸಂಜೆ ಜೀಪಿನೊಳಗಿನ ಸ್ವಿಚ್ ಒತ್ತಿದಾಗ ಅದರ ವೈಭವ ಇಡೀ ಹಟ್ಟಿಗೆ ಗೊತ್ತಾಗುತ್ತದೆ. ಮೊದಮೊದಲು ಮೇಲಿನ ಮನೆಯ ಅತ್ತೆ ಬಾಗಿಲಿಗೆ ಬಂದು ನಿಂತು, "ಏನ, ಇಂದು ಯಾರ ಮದುವೆ?" ಎಂದು ಕೂಗುತ್ತಿದ್ದರು. ಕೇಳಿ ಕೇಳಿ ಬೇಸರವಾಗಿ ಈಗ ಅವರೂ ಬಿಟ್ಟಿದ್ದಾರೆ.

ಕೋಟಗಿರಿಯ ಕಡೆಯ ಕಟ್ಟಬೆಟ್ಟಿನಿಂದ ಸ್ವಲ್ಪ ಒಳಗೆ ನಮ್ಮ ಹಟ್ಟಿ. ಇಲ್ಲಿ ಎಲ್ಲರಿಗೂ ಅಷ್ಟಿಷ್ಟು ಟೀ ಇದೆ, ಆದರೆ ಫ್ಯಾಕ್ಟರಿ ಯಾರಿಗೂ ಹತ್ತಿರವಿಲ್ಲ. ಹಗಲೆಲ್ಲ ಕೊಯ್ದ ಹಸಿ ಎಲೆಯನ್ನು ಸಂಜೆ ರಸ್ತೆಬದಿಯ ಶೆಡ್ಡಿಗೆ ತಂದು ತೂಗಿ ಚೀಲಕ್ಕೆ ತುಂಬುತ್ತಾರೆ. ನಾವು ಅದನ್ನು ಎಲೆ ಎನ್ನುವುದಿಲ್ಲ, ಲೀಫು ಎನ್ನುತ್ತೇವೆ. ಆ ಚೀಲಗಳನ್ನು ಫ್ಯಾಕ್ಟರಿಗೆ ಮುಟ್ಟಿಸುವುದು ನನ್ನ ಗಂಡನ ಕೆಲಸ. ಅವರ ಅಪ್ಪನೂ ಇದನ್ನೇ ಮಾಡಿದವರು. ಜೀಪು, ಟ್ರೈಲರು ಎರಡೂ ಅವರ ಕಾಲದವು. ಮಳೆ ಹೊಡೆಯಲಿ, ಮಂಜು ಮುಚ್ಚಲಿ, ಕೊಯ್ದ ಲೀಫು ಚೀಲದಲ್ಲೇ ರಾತ್ರಿ ಕಳೆಯಬಾರದು. ಕಳೆದರೆ ಒಳಗೊಳಗೇ ಬಿಸಿಯಾಗಿ ಕೆಂಪಾಗುತ್ತದೆ, ಫ್ಯಾಕ್ಟರಿಯವರು ಮೂಗು ಮುರಿಯುತ್ತಾರೆ. ಆದ್ದರಿಂದ ಹಟ್ಟಿಯ ಹೆಂಗಸರು ಸಂಜೆ ಕಿವಿ ಕೊಟ್ಟು ಕಾಯುವುದು ನಮ್ಮ ಜೀಪಿನ ಸದ್ದಿಗೆ. ನನ್ನ ಗಂಡ ಈ ಮರ್ಯಾದೆಯ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟು ಹೇಳಿದವರಲ್ಲ. ಶೆಡ್ಡಿನ ತಿರುವಿನಲ್ಲಿ ಹಾರನ್ ಹೊಡೆಯುವಾಗ ಅವರ ಬೆನ್ನು ಸ್ವಲ್ಪ ನೆಟ್ಟಗಾಗುವುದನ್ನು ಮಾತ್ರ ನಾನು ಪಕ್ಕದಲ್ಲಿ ಕೂತು ನೋಡುತ್ತಾ ಬಂದಿದ್ದೇನೆ.

ಬರೆಯುವಾಗ ಅವರು, ಇವರು ಎಂದು ಬರುತ್ತದೆ. ಅದು ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದಿದಾಗ ಅಂಟಿದ ಕನ್ನಡದ ಗುಣ. ಮನೆಯಲ್ಲಿ ನಮ್ಮ ಬಡಗ ಮಾತಿನಲ್ಲಿ ನಾನು ಅವರನ್ನು ನೀ ಎಂದೇ ಕರೆಯುವುದು. ಜಗಳವಾಡಲು ಅದೇ ಅನುಕೂಲ.

ಜಗಳಕ್ಕೆ ನಮಗೆ ಗೊತ್ತಾದ ಜಾಗವೂ ಇತ್ತು. ರಸ್ತೆಯಿಂದ ನಮ್ಮ ಮನೆಗೆ ಹೋಗುವ ದಾರಿ ಬೆಟ್ಟದ ಸೊಂಟವನ್ನು ಬಳಸಿಕೊಂಡು ಹೋಗುತ್ತದೆ. ಒಂದು ಬದಿಗೆ ಟೀ ತೋಟದ ಎತ್ತರದ ದರೆ, ಇನ್ನೊಂದು ಬದಿಗೆ ಧುಮುಕಿದರೆ ಪಕ್ಕದ ಮನೆಯವರ ಕ್ಯಾರೆಟ್ ಪಾತಿ. ನಡುವೆ ಜೀಪು ಹಿಡಿಯುವಷ್ಟು ಅಗಲ. ಅಂಗಳದಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ಮುಂದೆ ಮಾಡಿಕೊಂಡು ಒಳಗೆ ಹೋದರೆ ಬೆಳಿಗ್ಗೆ ಹೊರಗೆ ಬರುವುದೇ ದೊಡ್ಡ ರಾಮಾಯಣ. ಹಾಗಾಗಿ ಫ್ಯಾಕ್ಟರಿಯಿಂದ ಬಂದ ಮೇಲೆ, ಕತ್ತಲಾಗಿದ್ದರೂ, ರಸ್ತೆಯಿಂದಲೇ ಟ್ರೈಲರನ್ನು ಹಿಂದಕ್ಕೆ ತಳ್ಳುತ್ತಾ ಮನೆತನಕ ತರಬೇಕು. ನಾನು ಇಳಿದು ಹಿಂದೆ ಹೋಗಿ, ಟಾರ್ಚು ಹಿಡಿದು, ಹಿಂದೆ ಹಿಂದೆ ನಡೆಯುತ್ತಾ ದಾರಿ ಹೇಳಬೇಕು.

ಹೇಳುವ ಕ್ರಮ ನಮ್ಮಲ್ಲಿ ಬೇರೆ. ಎಡ, ಬಲ ಎಂಬುದು ನಮ್ಮ ಬಾಯಿಗೆ ಬರುವುದಿಲ್ಲ. ಬೆಟ್ಟದಲ್ಲಿ ಹುಟ್ಟಿದವರಿಗೆ ಎಲ್ಲದಕ್ಕೂ ಎರಡೇ ಕಡೆ: ಮೇಲೆ, ಇಲ್ಲದಿದ್ದರೆ ಕೀಯೆ. ಕೀಯೆ ಎಂದರೆ ಕೆಳಗೆ. ಬಸ್ಸಿನಲ್ಲಿ ಸೀಟು ಬಿಡಿಸಿಕೊಳ್ಳಬೇಕಾದರೂ "ಕೊಂಚ ಮೇಲೆ ಸರಿ" ಎನ್ನುತ್ತೇವೆ. ಒಲೆಯ ಮೇಲಿನ ಪಾತ್ರೆಗೂ ಒಂದು ಮೇಲಿನ ಕಿವಿ, ಒಂದು ಕೆಳಗಿನ ಕಿವಿ. ಟ್ರೈಲರು ಹಿಂದೆ ಬರುವಾಗ ನಾನು ಮೇಲೆ ಎಂದರೆ ಅದರ ಬಾಲ ದರೆಯ ಕಡೆಗೆ ಹೋಗಬೇಕು, ಕೀಯೆ ಎಂದರೆ ಕ್ಯಾರೆಟ್ಟಿನ ಕಡೆಗೆ. ಬಾಲ ಮೇಲೆ ಹೋಗಬೇಕಾದರೆ ಸ್ಟೀರಿಂಗು ಕೆಳಗೆ ತಿರುಗಬೇಕು, ಟ್ರೈಲರಿನ ಹಠವೇ ಅದು. ಆ ಲೆಕ್ಕ ಓಡಿಸುವವರ ತಲೆಯೊಳಗಿರುತ್ತದೆ, ಹೇಳುವವರಿಗೆ ಬೇಕಿಲ್ಲ. "ಮೇಲೆ, ಮೇಲೆ, ಕೊಂಚ ಕೀಯೆ, ಆತು, ನಿಲ್ಲು." ಇಷ್ಟರಲ್ಲಿ ನಮ್ಮ ಸಂಸಾರದ ಬಹಳಷ್ಟು ಮಾತು ಮುಗಿದಿದೆ.

ಜೀಪಿನ ಸ್ವಂತ ರಿವರ್ಸ್ ಲೈಟು ಇದಕ್ಕೆಲ್ಲ ಏನೂ ಪ್ರಯೋಜನವಿಲ್ಲ. ಅದು ಟ್ರೈಲರಿನ ಮುಂದಿನ ತಗಡಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಮಾವನ ಕಾಲದಲ್ಲಿ ಯಾರೋ ಲಾಟೀನು ಹಿಡಿದು ಹಿಂದೆ ನಿಲ್ಲುತ್ತಿದ್ದರಂತೆ. ನನ್ನ ಕಾಲಕ್ಕೆ ಟಾರ್ಚು ಬಂತು. ನಾನು ಅದನ್ನು ನೆಲಕ್ಕೆ ಹಿಡಿಯುವ ಬದಲು ಮಾತಾಡುವ ಭರದಲ್ಲಿ ಕನ್ನಡಿಗೆ ಹಿಡಿಯುತ್ತಿದ್ದೆ. ಅವರು ಒಳಗಿಂದ, "ಎನ್ನ ಕಣ್ಣಿಗೆ ಯಾಕ ಹಿಡಿತೀಯ, ಚಕ್ರಕ್ಕೆ ಹಿಡಿ" ಎಂದು ಕಿರುಚುತ್ತಿದ್ದರು. ನಾನು, "ಹಂಗಾದರೆ ನೀನೇ ಇಳಿದು ಹಿಡಿ" ಎನ್ನುತ್ತಿದ್ದೆ. ಹೀಗೆ ವರ್ಷಗಳು ನೆಮ್ಮದಿಯಾಗಿ ನಡೆದವು.

ಹೋದ ಚಳಿಗಾಲದಲ್ಲಿ ಲೈಟಿನ ಹುಚ್ಚು ಶುರುವಾಯಿತು. ಮೊದಲು ಟ್ರೈಲರಿನ ಹಿಂದಿನ ಹಲಗೆಯ ನಡುವೆ ಒಂದು ಬಿಳಿ ಎಲ್‌ಇಡಿ ಹಾಕಿಸಿಕೊಂಡು ಬಂದರು. ಬೆಳದಿಂಗಳಿನ ರಾತ್ರಿ ಅದು ಚೆನ್ನಾಗಿತ್ತು. ಮರುದಿನ ಮಂಜು ಇಳಿಯಿತು. ಸ್ವಿಚ್ ಒತ್ತಿದರೆ ಟ್ರೈಲರಿನ ಹಿಂದೆ ಯಾರೋ ಬಿಳಿ ಸೀರೆ ಕಟ್ಟಿ ಒಣಗಲು ಹಾಕಿದಂತಾಯಿತು. ದರೆಯೂ ಇಲ್ಲ, ದಾರಿಯೂ ಇಲ್ಲ, ನನಗೆ ನನ್ನ ಕೈಯೇ ಕಾಣಲಿಲ್ಲ. ಕೋಟಗಿರಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ತಮಿಳಿನ ಹುಡುಗ ಒಬ್ಬನಿದ್ದಾನೆ, ಬಾಯಿ ಜಾಸ್ತಿ, ಕೈ ಒಳ್ಳೆಯದು. ಅವನ ಹತ್ತಿರ ಹೋಗಿ ಬೈದೆ. ಅವನು ನಕ್ಕು, "ಮಿಸ್ಟುಕ್ಕು ಮಂಜಳ್ ದಾನ್ ಅಕ್ಕಾ" ಎಂದ. ಮಂಜಿಗೆ ಹಳದಿಯೇ ಸರಿ ಎಂದು ಅರ್ಥ. ಎತ್ತರದಲ್ಲಿ ಹಾಕಿದ್ದೂ ತಪ್ಪಂತೆ. ಲೈಟು ತಗ್ಗಿನಲ್ಲಿದ್ದು ನೆಲವನ್ನು ನೆಕ್ಕುತ್ತಾ ಹೋಗಬೇಕಂತೆ. ಅವನೇ ಎರಡು ಹಳದಿ ಲೈಟುಗಳನ್ನು ಮಡ್‌ಗಾರ್ಡಿನ ಕೆಳಗೆ, ಚಕ್ರದ ಪಕ್ಕದಲ್ಲೇ ಹಿಂದಕ್ಕೆ ಮುಖ ಮಾಡಿ ಕೂರಿಸಿದ. ಅಂದು ಸಂಜೆ ಮಂಜಿನಲ್ಲೂ ದಾರಿಯ ಎರಡು ಅಂಚುಗಳು, ದರೆಯ ಹುಲ್ಲು, ಒಂದು ಕಪ್ಪೆ, ಎಲ್ಲವೂ ಕಂಡವು. ಇನ್ನು ಈ ಟಾರ್ಚಿನಿಂದ ನನಗೆ ಬಿಡುಗಡೆ ಎಂದುಕೊಂಡೆ.

ನನ್ನ ಗಂಡನಿಗೆ ಮಾತ್ರ ಸಮಾಧಾನವಿಲ್ಲ. "ಇನ್ನೊಂದು ಬೇಕು" ಎಂದರು.

"ಎಲ್ಲಿಗೆ?"

"ಓ ಅಲ್ಲಿಗೆ. ನೀ ನಿಪ್ಪ ಕಡೆಗೆ."

ನಾನು ನಿಲ್ಲುವ ಕಡೆ ದರೆಗೆ ಒತ್ತಿಕೊಂಡ ಮೂಲೆ. ಅಲ್ಲಿಗೂ ಒಂದು ಬಂತು. ಆಮೇಲೆ ಅದರ ಎದುರಿಗೆ ಒಂದು. ಆಮೇಲೆ ಕೆಳಗಿಂದ ಮೇಲಕ್ಕೆ ನೋಡುವಂಥದ್ದು ಇನ್ನೊಂದು. ಪ್ರತಿ ಸಲವೂ ಅದೇ ಮಾತು: ನೀ ನಿಪ್ಪ ಕಡೆಗೆ. ಜೀಪಿಗೂ ಟ್ರೈಲರಿಗೂ ನಡುವಿನ ವೈರಿನ ಪ್ಲಗ್ಗು ನಮ್ಮ ತೇವದ ಹವೆಗೆ ಕಿಲುಬು ಹಿಡಿದು ವಾರಕ್ಕೊಮ್ಮೆ ಕೈಕೊಡುತ್ತಿತ್ತು. ಅವರು ಅದನ್ನು ಉಜ್ಜಿ ಉಜ್ಜಿ ಹೊಳೆಯಿಸುತ್ತಿದ್ದರು. ನಾನು ಟೀ ಕುಡಿಯುತ್ತಾ, "ದೇವರ ಕೋಣೆಯ ದೀಪ ಹಿಂಗೆ ಒಂದು ದಿನ ಉಜ್ಜಿದ್ದು ಕಾಣೆ" ಎಂದು ಚುಚ್ಚುತ್ತಿದ್ದೆ. ಅವರು ತಿರುಗಿ ಏನೂ ಅನ್ನುತ್ತಿರಲಿಲ್ಲ. ಯಾವತ್ತೂ ಒಂದಕ್ಕೆ ಎರಡು ಹೇಳುವ ಮನುಷ್ಯ ಸುಮ್ಮನಿದ್ದಾನಲ್ಲ ಎಂದು ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಈ ವರ್ಷ ಮುಂಗಾರಿಗೆ ಮೊದಲು ಫ್ಯಾಕ್ಟರಿಯವರು ತಮ್ಮ ಅಂಗಳವನ್ನು ಮಟ್ಟ ಮಾಡಿಸಿ ಸಿಮೆಂಟು ಹಾಕಿಸಿದರು. ಮುಂಚೆ ಅದೂ ನಮ್ಮ ದಾರಿಯಂತೆಯೇ ಇಳಿಜಾರು. ಲೀಫು ಇಳಿಸುವ ಕಟ್ಟೆಗೆ ಟ್ರೈಲರನ್ನು ಹಿಂದೆ ಮಾಡಿಕೊಂಡು ಹೋಗಬೇಕಿತ್ತು, ಓಡಿಸುವವರ ಎಡಗೈ ಬದಿಗೆ ಒಂದು ಮಣ್ಣಿನ ಗುಡ್ಡ ಇತ್ತು, ಅದೇ ನಮ್ಮ ಮೇಲೆ. ಈಗ ಆ ಗುಡ್ಡವನ್ನೇ ಅಗೆದು ತೆಗೆದುಬಿಟ್ಟಿದ್ದರು. ನೆಲ ಟೇಬಲಿನಂತೆ ಚಪ್ಪಟೆ. ಕಟ್ಟೆಯ ಎರಡು ಪಕ್ಕಕ್ಕೂ ಶೀಟು ಹೊದಿಸಲು ಹೊಸ ಕಂಬಗಳು ಎದ್ದಿದ್ದವು. ಬಲಗಡೆಗೆ, ಬೇಲಿಯಾಚೆ, ಎತ್ತರದಲ್ಲಿ ರಸ್ತೆ.

ಆ ಹೊಸ ಅಂಗಳ ತೆರೆದ ಮೊದಲ ಸಂಜೆ ಮಳೆ ಹನಿಯುತ್ತಿತ್ತು, ಆಗಲೇ ಕತ್ತಲು. ನಮ್ಮ ಸರದಿ ಬಂತು. ನಾನು ಇಳಿದು ಹಿಂದೆ ಹೋಗಿ ಎಡಗಡೆಯ ಕಂಬದ ಪಕ್ಕ ನಿಂತೆ. ಅವರು ಎಲ್ಲಾ ಲೈಟು ಹಾಕಿದರು. ಸಿಮೆಂಟು ನೆಲ ಒದ್ದೆಯಾಗಿ ಹೊಳೆಯಿತು. ಟ್ರೈಲರು ಸ್ವಲ್ಪ ನನ್ನ ಕಡೆಗೇ ಬರುತ್ತಿತ್ತು, ಅದನ್ನು ಬಲಕ್ಕೆ ತಳ್ಳಬೇಕು. ನನ್ನ ಕಣ್ಣಿಗೆ ರಸ್ತೆಯೇ ಎತ್ತರ, ಹಾಗಾಗಿ "ಮೇಲೆ" ಎಂದೆ. ಅವರ ತಲೆಯಲ್ಲಿ ಹಳೆಯ ಗುಡ್ಡ ಇನ್ನೂ ಎಡಕ್ಕೇ ಇತ್ತು. ಬಾಲ ಎಡಕ್ಕೆ, ನನ್ನ ಕಡೆಗೆ, ತಿರುಗಿತು. ನಾನು ಗಾಬರಿಯಿಂದ "ಮೇಲೆ, ಮೇಲೆ!" ಎಂದು ಇನ್ನೂ ಜೋರಾಗಿ ಕೂಗಿದೆ. ಅವರು ಇನ್ನೂ ತಿರುಗಿಸಿದರು. ನಾನು ಪಕ್ಕಕ್ಕೆ ಹಾರಿದೆ. ನಾನು ನಿಂತಿದ್ದ ಜಾಗವನ್ನು ದಾಟಿ ಟ್ರೈಲರಿನ ಮೂಲೆ ಕಂಬಕ್ಕೆ ಬಡಿಯಿತು.

ದೊಡ್ಡದೇನೂ ಆಗಲಿಲ್ಲ. ಕಂಬಕ್ಕೆ ಗೀರು, ನಮ್ಮ ತಗಡಿಗೆ ನಗ್ಗು. ಫ್ಯಾಕ್ಟರಿಯ ತೂಕದವನು ಓಡಿ ಬಂದು, ನಾನು ನೆಟ್ಟಗೆ ನಿಂತಿರುವುದನ್ನು ನೋಡಿ ನಗಲು ಶುರು ಮಾಡಿದ. "ಅಕ್ಕಾ, ಸಿಮೆಂಟ್ ನೆಲಕ್ಕೆ ಮೇಲೆ ಯಾವುದು, ಕೀಯೆ ಯಾವುದು?" ಎಂದ. ಸಾಲಿನಲ್ಲಿದ್ದ ಡ್ರೈವರುಗಳೂ ನಕ್ಕರು. ಅವರೂ ಬಹುಪಾಲು ನಮ್ಮವರೇ, ಅವರೂ ನಾಳೆ ಅದೇ ತಪ್ಪು ಮಾಡುವವರೇ. ನಾನೂ ನಕ್ಕೆ. ನಗುತ್ತಾ ಕಂಬದ ಕಡೆ ನೋಡಿದವಳಿಗೆ ನಗು ಅರ್ಧಕ್ಕೆ ನಿಂತಿತು.

ಕಂಬಕ್ಕೆ ಮೊನ್ನೆಯಷ್ಟೇ ಹಳದಿ, ಕಪ್ಪು ಪಟ್ಟೆ ಬಳಿದಿದ್ದರು. ನಮ್ಮ ಅಷ್ಟೂ ಲೈಟುಗಳು ಅದರ ಮೇಲೆ ಬಿದ್ದು ಅದು ಧಗಧಗ ಎನ್ನುತ್ತಿತ್ತು. ಅದರ ಪಕ್ಕದಲ್ಲೇ ನಾನು ನಿಂತಿದ್ದದ್ದು, ಮೈಮೇಲೆ ಕೆಂಪು ಶಾಲು. ಮೇಲೆ ಎಂದಾಗ ಅವರು ಎಡ ಅಂದುಕೊಂಡದ್ದು ಸರಿ, ಅದು ನಮ್ಮಿಬ್ಬರ ಬಾಯಿಯ ತಪ್ಪು. ಕಣ್ಣಿದ್ದ ಯಾರೇ ಆಗಲಿ ಕನ್ನಡಿಯಲ್ಲಿ ಹೆಂಡತಿಯನ್ನು ಕಂಡು ಬ್ರೇಕು ಹಾಕುತ್ತಿರಲಿಲ್ಲವೇ?  ಶಾಲು ಬಿಗಿಮಾಡಿಕೊಂಡೆ.

ಲೀಫು ಇಳಿಸಿದ ಮೇಲೆ ಜೀಪು ಹತ್ತಿ ಅವರ ಪಕ್ಕದಲ್ಲಿ ಕೂತೆ. ಅವರು ಕೀ ತಿರುಗಿಸಲು ಹೋದರು. ನಾನು ಅವರ ಕೈ ಹಿಡಿದೆ.

"ಕಂಬ ಕಂಡೆಯಾ?"

"ಕಂಡೆ. ನೀ ತಪ್ಪಾಗಿ ಹೇಳಿದೆ."

"ಯಾವ ಬಣ್ಣ?"

ಅವರು ಎದುರಿನ ಗಾಜನ್ನು ಅಂಗೈಯಿಂದ ಒರೆಸಿದರು. 

"ಬಿಳಿ" ಎಂದರು. ಫ್ಯಾಕ್ಟರಿಯ ಕಂಬಗಳೆಲ್ಲ ಮುಂಚಿನಿಂದಲೂ ಬಿಳಿಯೇ.

  ಅವರೇ ಹೇಳಿದರು, ಒಂದೊಂದೇ ಮಾತು. ಹೋದ ಚಳಿಗಾಲದಿಂದ ಹೀಗೆ. ಹಗಲು ಏನೂ ತೊಂದರೆಯಿಲ್ಲ. ಸೂರ್ಯ ಇಳಿಯುತ್ತಿದ್ದಂತೆ ಸುತ್ತಲೂ ಯಾರೋ ಕಂಬಳಿ ಎಳೆದ ಹಾಗೆ. ನೇರ ಎದುರಿಗಿದ್ದದ್ದು ಸ್ವಲ್ಪ ಕಾಣುತ್ತದೆ, ಪಕ್ಕದ್ದು ಇಲ್ಲವೇ ಇಲ್ಲ. ಮೊದಲು ಬಲ್ಬು ಮಂದವಾಗಿದೆ ಎಂದುಕೊಂಡರಂತೆ.

"ಹಂಗಾದರೆ ಇಷ್ಟು ದಿನ ಆ ದಾರಿಯಲ್ಲಿ ಹೆಂಗೆ ಹಿಂದೆ ತಂದೆ?"

"ದಾರಿ ಎನಗೆ ಗೊತ್ತಿಲ್ಲೆಯಾ? ಕಣ್ಣು ಕಟ್ಟಿದರೂ ತಪ್ಪೆ. ನಿನ್ನ ಮಾತೂ ಇತ್ತು." ಆಮೇಲೆ ಅಂದರು: "ಲೈಟು ದಾರಿಗೆ ಅಲ್ಲ."

"ಮತ್ತೆ?"

"ನೀ ಹಿಂದೆ ನಿಂತಿರುವೆ. ನಾ ದಿನಾ ನಿನ್ನ ಮೇಲೆಯೇ ಗಾಡಿ ತಪ್ಪದು. ನೀ ಎಲ್ಲಿದ್ದೀಯ ಅಂದು ಕಾಣಲಿ ಅಂದು ಹಾಕಿಸಿದೆ. ಒಂದು ಹಾಕಿದರೆ ಕಾಣಲಿಲ್ಲೆ. ಇನ್ನೊಂದು ಹಾಕಿದರೆ ಕಾಣುವೆ ಅಂದು ನೋಡಿದೆ."

ಅವರು "ತಪ್ಪೆ", "ತಪ್ಪದು" ಎಂದದ್ದು ತರುವೆ, ತರುವುದು ಎಂಬ ಅರ್ಥದಲ್ಲಿ, ನಮ್ಮಲ್ಲಿ ಹಾಗೆಯೇ ಹೇಳುವುದು. ನಾನು ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೋಪವೂ ಬಂತು. ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಕೇಳಿದೆ. ಹೇಳಿದ್ದರೆ ನೀ ಕೀ ಕಿತ್ತುಕೊಳ್ಳುತ್ತಿದ್ದೆ ಎಂದರು. ಅದು ನಿಜ. ಅಪ್ಪನ ಕಾಲದಿಂದ ಹಟ್ಟಿಯ ಲೀಫು ಮುಟ್ಟಿಸಿದವರು, ಜೀಪಿನಿಂದ ಇಳಿದ ಮೇಲೆ ತಾನು ಯಾರು ಎಂಬ ಭಯ ಅವರಿಗೆ. ಅದನ್ನು ಅವರು ಬಾಯಲ್ಲಿ ಹೇಳಲಿಲ್ಲ, ನನಗೆ ಹೇಳಬೇಕಾಗಿಯೂ ಇರಲಿಲ್ಲ. ಆದರೂ ಕೀ ಕೇಳಿದೆ. ಅವರು ಇಳಿದು, ಬಾನೆಟ್ಟಿನ ಮೇಲೆ ಕೈ ಆಡಿಸುತ್ತಾ ಸುತ್ತು ಬಂದು, ನನ್ನ ಜಾಗದಲ್ಲಿ ಕೂತರು.

ಜೀಪು ಓಡಿಸುವುದು ನನಗೆ ಹೊಸದಲ್ಲ. ಲೈಸೆನ್ಸ್ ಇದೆ, ಹಗಲು ಕೋಟಗಿರಿಗೆ ನಾನೇ ಹೋಗಿ ಬರುತ್ತೇನೆ. ಟ್ರೈಲರು ಕಟ್ಟಿಕೊಂಡು ಕತ್ತಲಲ್ಲಿ ಅದೇ ಮೊದಲು. ಮನೆಯ ದಾರಿಯ ಬಾಯಿಗೆ ಬಂದು ನಿಲ್ಲಿಸಿದಾಗ ಇಬ್ಬರಿಗೂ ಒಂದೇ ಯೋಚನೆ: ಹಿಂದೆ ಯಾರು ನಿಲ್ಲುವುದು? ಅವರು ಆಗಲೇ ಬಾಗಿಲು ತೆರೆದಿದ್ದರು. ನಾನು ಬೇಡ ಎಂದೆ. ಅವರು ದರೆಯನ್ನು ಕೈಯಲ್ಲಿ ಮುಟ್ಟಿಕೊಂಡು ನಡೆದರು. ದರೆಯ ಮೇಲೆ ಹತ್ತಿ ನಿಲ್ಲಬೇಕು, ದಾರಿಗೆ ಇಳಿಯಬಾರದು, ಇಳಿದರೆ ಟ್ರೈಲರನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದು ಹಿಂದಿನಿಂದ ಕೂಗಿದೆ.

ಆಮೇಲೆ ಸ್ವಿಚ್ ಒತ್ತಿದೆ. ಆ ಸೀಟಿನಲ್ಲಿ ಕೂತು ಆ ಲೈಟುಗಳನ್ನು ನಾನು ನೋಡಿದ್ದು ಅದೇ ಮೊದಲು. ಕನ್ನಡಿಯಲ್ಲಿ ದಾರಿ ಇತ್ತು, ದಾರಿಯ ಅಂಚು ಇತ್ತು. ಅದೆಲ್ಲಕ್ಕಿಂತ ಚೆನ್ನಾಗಿ, ಎಲ್ಲಾ ಬೆಳಕಿನ ನಡುವೆ, ದರೆಯ ಮೇಲೆ ನನ್ನ ಗಂಡ ಇದ್ದರು. ಒದ್ದೆಯಾದ ತಲೆ, ಸ್ವೆಟರಿನ ಬಿಚ್ಚಿದ ತೋಳು, ಕಣ್ಣು ಕಿರಿದು ಮಾಡಿಕೊಂಡು ನನ್ನ ಕಡೆಗೆ, ಅಂದರೆ ನಾನು ಇರಬಹುದು ಎಂದುಕೊಂಡ ಕಡೆಗೆ, ನೋಡುತ್ತಿದ್ದರು. ಇಷ್ಟನ್ನು ಕಾಣಬೇಕೆಂದು ಅವರು ತಿಂಗಳುಗಟ್ಟಲೆ ವೈರು ಎಳೆದಿದ್ದರು, ಕಂಡದ್ದು ಮಾತ್ರ ನನಗೆ.

ಅವರು ಮೇಲೆ ಅನ್ನಲೂ ಇಲ್ಲ, ಕೀಯೆ ಅನ್ನಲೂ ಇಲ್ಲ. "ನಾ ಕಾಣುವೆನಾ?" ಎಂದು ಕೇಳಿದರು.

"ಕಾಣುವೆ" ಎಂದೆ. "ಸ್ವೆಟರಿನ ತೋಳು ಬಿಚ್ಚಿರುವುದೂ ಕಾಣುತ್ತದೆ."

"ಹಂಗಾದರೆ ಬಾ. ಮೇಲೆ."

ಎರಡು ಸಲ ಟ್ರೈಲರು ಮಡಚಿಕೊಂಡಿತು, ಮುಂದೆ ಹೋಗಿ ಮತ್ತೆ ಬಂದೆ. ಕ್ಯಾರೆಟ್ಟಿಗೆ ಏನೂ ಆಗಲಿಲ್ಲ.

ಆಮೇಲೆ ಕೊಯಮತ್ತೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣಿನ ಹಿಂದಿನ ಪರದೆ ಸೊರಗುತ್ತಿದೆ, ಹಗಲಿನ ದೃಷ್ಟಿ ಇನ್ನೂ ಬಹಳ ಕಾಲ ಇರಬಹುದು, ಕತ್ತಲಲ್ಲಿ ಮಾತ್ರ ಗಾಡಿ ಮುಟ್ಟಬಾರದು ಎಂದರು. ಈಗ ಶೆಡ್ಡಿನಲ್ಲಿ ತೂಕ, ಚೀಲ, ಜನರ ದೂರು ಎಲ್ಲಾ ಅವರದು. ಓಡಿಸುವುದು ನಾನು. ತಿರುವಿನಲ್ಲಿ ಹಾರನ್ ಮಾತ್ರ ಪಕ್ಕದಿಂದ ಕೈ ಚಾಚಿ ಅವರೇ ಹೊಡೆಯುತ್ತಾರೆ, ಬೆನ್ನು ನೆಟ್ಟಗೆ ಮಾಡಿಕೊಂಡು.

ಮನೆಯ ದಾರಿಯಲ್ಲಿ ಇವತ್ತಿಗೂ ಅವರೇ ದರೆ ಹತ್ತುತ್ತಾರೆ. ಆ ಹೊತ್ತಿಗೆ ಅವರಿಗೆ ಟ್ರೈಲರು ಕಾಣುವುದಿಲ್ಲ; ಚಕ್ರ ಕಲ್ಲು ಹುಡಿ ಮಾಡುವ ಸದ್ದು ಕೇಳಿ ಮೇಲೆ, ಕೀಯೆ ಎನ್ನುತ್ತಾರೆ. ಒಮ್ಮೊಮ್ಮೆ ತಪ್ಪುತ್ತದೆ. ಆಗ ನಾನು ಲೈಟು ತೋರಿಸಿದ ಕಡೆ ಹೋಗುತ್ತೇನೆ, ಅವರಿಗೆ ಹೇಳುವುದಿಲ್ಲ. ಶುರುವಿಗೆ ಮುಂಚೆ ದಿನವೂ ಅದೇ ಪ್ರಶ್ನೆ ಕೇಳುತ್ತಾರೆ, "ನಾ ಕಾಣುವೆನಾ?" ಎಂದು. ನಾನು ಕನ್ನಡಿ ಸರಿಮಾಡಿಕೊಂಡು, ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕಾಣುವೆ ಎನ್ನುತ್ತೇನೆ. ಅದನ್ನು ಹೇಳುವವರೆಗೆ ನಾನು ಕ್ಲಚ್ ಬಿಡುವುದಿಲ್ಲ.